ಪೋರ್ಟ್ಸ್‌ಮತ್ ಆಹ್ವಾನ ಪಂದ್ಯಾವಳಿ: ಅದರ ಚರಿತ್ರೆಯನ್ನು ಬರೆಯುವಲ್ಲಿನ ಒಂದು ತೊಡಕು

ಕ್ರೀಡಾಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಟವರ ಕೈಗೆ ಮೊದಲು ದೊರೆಯುವ ಸಾಮಗ್ರಿಯೆಂದರೆ ಪ್ರಸಿದ್ಧರ ಹೆಸರುಗಳ ಪಟ್ಟಿ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವರ್ಜೀನಿಯಾ ರಾಜ್ಯದ ಪೋರ್ಟ್ಸ್‌ಮತ್ ನಗರದಲ್ಲಿ ನಡೆಯುತ್ತ ಬಂದಿರುವ ಬ್ಯಾಸ್ಕೆಟ್‌ಬಾಲ್ ಆಹ್ವಾನ ಪಂದ್ಯಾವಳಿಯ ವಿಷಯದಲ್ಲಿಯೂ ಇದೇ ಸ್ಥಿತಿ. ಅರ್ಲ್ ಮನ್ರೋ, ಡೇವ್ ಕವೆನ್ಸ್, ಜಾನ್ ಸ್ಟಾಕ್‌ಟನ್, ಡೆನಿಸ್ ರಾಡ್ಮನ್, ಸ್ಕಾಟಿ ಪಿಪ್ಪೆನ್, ಟಿಮ್ ಹಾರ್ಡವೇ, ಜಿಮ್ಮಿ ಬಟ್ಲರ್ ಮೊದಲಾದವರು ಅಲ್ಲಿ ಆಡಿದರು, ಮುಂದೆ ವೃತ್ತಿಕ್ರೀಡೆಯಲ್ಲಿ ಖ್ಯಾತರಾದರು ಎಂದು ಹೇಳಿ ಆ ಪಂದ್ಯಾವಳಿಯ ಪರಿಚಯವನ್ನು ಮುಗಿಸುವುದು ವಾಡಿಕೆಯಾಗಿದೆ. ಈ ಪಟ್ಟಿ ಸುಳ್ಳಲ್ಲ. ಆದರೆ ದಾನಶಾಸನವು ದತ್ತಿ ಬಿಟ್ಟವನ ಹೆಸರನ್ನು ಹೇಳುವುದಲ್ಲದೆ ಗುಡಿಯ ಕಲ್ಲನ್ನು ಹೊತ್ತವರ ಹೆಸರನ್ನು ಹೇಳುವುದಿಲ್ಲವೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಈ ಪಟ್ಟಿಯನ್ನು ಹೇಗೆ ಓದಬೇಕು, ಅದು ಯಾವುದನ್ನು ತೋರಿಸುತ್ತದೆ, ಯಾವುದನ್ನು ಮರೆಮಾಡುತ್ತದೆ ಎಂಬುದನ್ನು ವಿಚಾರಿಸುವುದು ನಮ್ಮ ಉದ್ದೇಶ.

ಮೊದಲು ಸ್ಥಳದ ವಿಚಾರ. ಪೋರ್ಟ್ಸ್‌ಮತ್ ಎಲಿಜಬೆತ್ ನದಿಯ ದಡದಲ್ಲಿರುವ ನೌಕಾಪಟ್ಟಣ. ಹಡಗುಕಟ್ಟೆಯೂ ನೌಕಾದಳದ ಆಸ್ಪತ್ರೆಯೂ ಅದರ ಜೀವಾಳ. ದೊಡ್ಡ ವಿಶ್ವವಿದ್ಯಾನಿಲಯವಾಗಲಿ, ವೃತ್ತಿಪರ ತಂಡವಾಗಲಿ ಇಲ್ಲದ ಈ ಊರಿನಲ್ಲಿ 1953ರಲ್ಲಿ ಪಂದ್ಯಾವಳಿ ಮೊದಲಾಯಿತು. ಈಚಿನ ದಶಕಗಳಲ್ಲಿ ಅದು ನಡೆಯುತ್ತಿರುವುದು ಚರ್ಚ್‌ಲ್ಯಾಂಡ್ ಹೈಸ್ಕೂಲಿನ ಆಟದ ಮನೆಯಲ್ಲಿ. ಅರುವತ್ತುನಾಲ್ಕು ಆಟಗಾರರಿಗೆ ಆಹ್ವಾನ. ತಲಾ ಎಂಟು ಮಂದಿಯ ಎಂಟು ತಂಡಗಳು. ನಾಲ್ಕು ದಿನಗಳಲ್ಲಿ ಹನ್ನೆರಡು ಪಂದ್ಯಗಳು. ಪ್ರತಿಯೊಂದು ತಂಡವೂ ಮೂರು ಪಂದ್ಯಗಳನ್ನು ಆಡುತ್ತದೆ. ಮೊದಲನೆಯದರಲ್ಲಿ ಸೋತವರೂ ಮನೆಗೆ ಹೋಗಬೇಕಾಗಿಲ್ಲ. ತಂಡಗಳಿಗೆ ಊರಿನ ಮೋಟಾರು ವ್ಯಾಪಾರಿ, ತೋಟಗಾರಿಕೆಯ ಗುತ್ತಿಗೆದಾರ, ಲೆಕ್ಕಪರಿಶೋಧಕರ ಸಂಸ್ಥೆ ಇಂಥವರ ಹೆಸರುಗಳನ್ನು ಇಡುವ ರೂಢಿಯುಂಟು. ವ್ಯವಸ್ಥೆಯ ಭಾರವನ್ನು ಹೊತ್ತವರು ಊರಿನ ಸ್ವಯಂಸೇವಕರು. ಒಬ್ಬರನ್ನೊಬ್ಬರು ಹಿಂದೆ ಕಾಣದ ಎಂಟು ಯುವಕರು ವ್ಯಾಪಾರಿಯೊಬ್ಬನ ಹೆಸರು ಅಚ್ಚಾದ ಅಂಗಿಯನ್ನು ತೊಟ್ಟು ನಾಲ್ಕು ದಿನ ಒಂದು ತಂಡವಾಗಿ ಆಡುತ್ತಾರೆ. ಐದನೆಯ ದಿನ ಆ ತಂಡ ಇರುವುದಿಲ್ಲ.

ಆಹ್ವಾನಿತರೆಲ್ಲರೂ ‘ಸೀನಿಯರ್’ಗಳು. ಅಮೆರಿಕದ ಪದವಿ ವ್ಯಾಸಂಗವು ನಾಲ್ಕು ವರ್ಷಗಳದು. ಅದರ ಕೊನೆಯ ವರ್ಷದ ವಿದ್ಯಾರ್ಥಿಗೆ ಈ ಹೆಸರು. ಕಾಲೇಜಿನ ಪರವಾಗಿ ಆಡುವ ಅರ್ಹತೆ ಮುಗಿದು, ಮುಂದೆ ವೃತ್ತಿಪರನಾಗುವನೋ ಆಟವನ್ನೇ ಬಿಡುವನೋ ಎಂಬ ಸಂಧಿಕಾಲದಲ್ಲಿ ಅವನು ಇಲ್ಲಿಗೆ ಬರುತ್ತಾನೆ. ಪ್ರೇಕ್ಷಕರ ಸಾಲಿನಲ್ಲಿ ಕುಳಿತವರಲ್ಲಿ ಅವನಿಗೆ ಮುಖ್ಯರಾದವರು ವೃತ್ತಿಪರ ತಂಡಗಳಿಂದ ಬಂದ, ಸ್ಕೌಟರೆಂದು ಕರೆಯಲ್ಪಡುವ ಶೋಧಕರು. ವೃತ್ತಿಪರ ತಂಡಗಳ ಒಕ್ಕೂಟವಾದ ಎನ್.ಬಿ.ಎ. ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಆಯ್ಕೆಯನ್ನು ನಡೆಸುತ್ತದೆ. ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಹೊಸ ಆಟಗಾರನನ್ನು ಹೆಸರಿಸುತ್ತವೆ. ಆಟಗಾರನಿಗೆ ತನ್ನ ತಂಡವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಆ ಸರದಿಯಲ್ಲಿ ಹೆಸರು ಎಷ್ಟು ಬೇಗ ಬಂದೀತು, ಅಥವಾ ಬಂದೀತೇ ಇಲ್ಲವೇ ಎಂಬುದು ಪೋರ್ಟ್ಸ್‌ಮತ್ತಿನ ನಾಲ್ಕು ದಿನಗಳ ಹಿಂದಿರುವ ಪ್ರಶ್ನೆ.

ಈಗ ಪಟ್ಟಿಗೆ ಬರೋಣ. ಅದರ ಹಳೆಯ ಹೆಸರುಗಳಲ್ಲಿ ಒಂದಾದ ಅರ್ಲ್ ಮನ್ರೋ ಉತ್ತರ ಕೆರೋಲಿನಾದ ವಿನ್ಸ್ಟನ್-ಸೇಲಂ ಕಾಲೇಜಿನವನು. ಅದು ಕರಿಯ ಜನಾಂಗದವರಿಗಾಗಿ ಸ್ಥಾಪಿತವಾದ ವಿದ್ಯಾಸಂಸ್ಥೆ. 1966-67ರ ಋತುವಿನಲ್ಲಿ ಅವನು ಪಂದ್ಯವೊಂದಕ್ಕೆ ಸರಾಸರಿ 41.5 ಅಂಕಗಳನ್ನು ಗಳಿಸಿದನು; 1967ರ ಡ್ರಾಫ್ಟಿನಲ್ಲಿ ಬಾಲ್ಟಿಮೋರ್ ತಂಡ ಅವನನ್ನು ಎರಡನೆಯವನಾಗಿ ಆರಿಸಿತು. ಸಾರ್ವಜನಿಕ ಸಭಾಂಗಣಗಳಲ್ಲಿ ಬಿಳಿಯರೂ ಕರಿಯರೂ ಬೇರೆಬೇರೆಯಾಗಿಯೇ ಕೂಡತಕ್ಕದ್ದೆಂದು ವರ್ಜೀನಿಯಾ ರಾಜ್ಯ 1926ರಲ್ಲಿ ಶಾಸನ ಮಾಡಿತ್ತು. ಪೋರ್ಟ್ಸ್‌ಮತ್ ಪಂದ್ಯಾವಳಿ ಆರಂಭವಾದಾಗ ಆ ಶಾಸನ ಇನ್ನೂ ಜಾರಿಯಲ್ಲಿತ್ತು. ನದಿಯಾಚೆಯ ನಾರ್ಫೋಕ್ ನಗರದಲ್ಲಿ 1958ರಲ್ಲಿ, ಕರಿಯ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದಕ್ಕಿಂತ ಶಾಲೆಗಳನ್ನು ಮುಚ್ಚುವುದೇ ಮೇಲೆಂದು ರಾಜ್ಯ ಬಿಳಿಯರ ಶಾಲೆಗಳಿಗೆ ಬೀಗ ಹಾಕಿಸಿತ್ತು. ಈ ಹಿನ್ನೆಲೆಯಿಂದ ನೋಡಿದರೆ ಪಟ್ಟಿಯಲ್ಲಿ ಮನ್ರೋವಿನ ಹೆಸರಿರುವುದು ಕೇವಲ ಆಟದ ಸಂಗತಿಯಲ್ಲ. ಕರಿಯರ ಕಾಲೇಜುಗಳ ಆಟವನ್ನು ದೊಡ್ಡ ಪತ್ರಿಕೆಗಳು ಗಮನಿಸುತ್ತಿದ್ದುದು ಕಡಮೆ. ಅಲ್ಲಿಯ ಆಟಗಾರನು ಬೇರೆ ಕಾಲೇಜುಗಳವರೊಡನೆ ಒಂದೇ ಅಂಕಣದಲ್ಲಿ ನಿಂತಾಗ ಹೋಲಿಕೆ ತಾನಾಗಿ ಸಾಧ್ಯವಾಗುತ್ತಿತ್ತು.

ಪಂದ್ಯಾವಳಿಯ ನಿಜವಾದ ಉಪಯೋಗ ಈ ಹೋಲಿಕೆಯೇ ಎಂದು ನಮ್ಮ ಅಭಿಪ್ರಾಯ. 1980ರ ದಶಕದ ಮೂರು ನಿದರ್ಶನಗಳು ಇದನ್ನು ಸ್ಪಷ್ಟಪಡಿಸುತ್ತವೆ.

ವಾಷಿಂಗ್ಟನ್ ರಾಜ್ಯದ ಗೊನ್ಜಾಗಾ ಕಾಲೇಜಿನ ಜಾನ್ ಸ್ಟಾಕ್‌ಟನ್ 1984ರಲ್ಲಿ ಇಲ್ಲಿ ಆಡಿದನು. ಗೊನ್ಜಾಗಾ ಈಗ ಹೆಸರುವಾಸಿ, ಅಂದು ಹಾಗಿರಲಿಲ್ಲ. ಯೂಟಾ ತಂಡ ಅವನನ್ನು ಹದಿನಾರನೆಯವನಾಗಿ ಆರಿಸಿತು. ಹತ್ತೊಂಬತ್ತು ಋತುಗಳ ಕಾಲ ಆಡಿ, ಸಂಗಡಿಗರಿಗೆ ಅಂಕ ದೊರಕಿಸಿಕೊಟ್ಟ 15,806 ಪಾಸುಗಳನ್ನೂ ಎದುರಾಳಿಗಳಿಂದ 3,265 ಸಲ ಚೆಂಡನ್ನು ಕಸಿದ ದಾಖಲೆಯನ್ನೂ ಬಿಟ್ಟು 2003ರಲ್ಲಿ ನಿವೃತ್ತನಾದನು.

ಡೆನಿಸ್ ರಾಡ್ಮನ್ನನ ವೃತ್ತಾಂತ ಇನ್ನೂ ವಿಚಿತ್ರವಾದುದು. ಹೈಸ್ಕೂಲು ಮುಗಿಸಿದ ಮೇಲೆ ಡಲ್ಲಾಸಿನ ವಿಮಾನನಿಲ್ದಾಣದಲ್ಲಿ ರಾತ್ರಿಯ ಹೊತ್ತು ಕಸ ಗುಡಿಸುತ್ತಿದ್ದ ಈತ, ಆ ವಯಸ್ಸಿನಲ್ಲಿ ಆಶ್ಚರ್ಯಕರವಾಗಿ ಎತ್ತರ ಬೆಳೆದು ಮತ್ತೆ ಆಟಕ್ಕೆ ಮರಳಿದನು. ಆಗ್ನೇಯ ಓಕ್ಲಹೋಮದ ಸಣ್ಣ ಕಾಲೇಜೊಂದರಲ್ಲಿ ಓದಿ, 1986ರಲ್ಲಿ ಪೋರ್ಟ್ಸ್‌ಮತ್ತಿಗೆ ಬಂದಾಗ ಅವನಿಗೆ ಇಪ್ಪತ್ತೈದು ವರ್ಷ ತುಂಬುವುದರಲ್ಲಿತ್ತು. ಅಲ್ಲಿ ಅತ್ಯುತ್ತಮ ಆಟಗಾರನೆಂಬ ಮನ್ನಣೆ ದೊರೆಯಿತು. ಡೆಟ್ರಾಯಿಟ್ ತಂಡ ಇಪ್ಪತ್ತೇಳನೆಯವನಾಗಿ ಆರಿಸಿತು. ಅಂಕ ಗಳಿಸುವುದರಲ್ಲಿ ಸಾಮಾನ್ಯನಾದರೂ ಮರುಪುಟಿದ ಚೆಂಡನ್ನು ಹಿಡಿಯುವುದರಲ್ಲಿ ಅವನಿಗೆ ಸಮನಾದವರು ಅವನ ಕಾಲದಲ್ಲಿ ವಿರಳ. ಅಂಕಪಟ್ಟಿಯನ್ನು ಮಾತ್ರ ಓದುವವರಿಗೆ ಕಾಣದ ಗುಣವಿದು.

1987ರಲ್ಲಿ ಬಂದ ಸ್ಕಾಟಿ ಪಿಪ್ಪೆನ್ ಅರ್ಕನ್ಸಾದ ಹ್ಯಾಂಬರ್ಗ್ ಎಂಬ ಚಿಕ್ಕ ಊರಿನವನು. ಮಧ್ಯ ಅರ್ಕನ್ಸಾ ವಿಶ್ವವಿದ್ಯಾನಿಲಯಕ್ಕೆ ಅವನು ಸೇರಿದ್ದು ಆಟಗಾರನಾಗಿಯೂ ಅಲ್ಲ. ತಂಡದ ಸಾಮಾನು ಸರಂಜಾಮುಗಳನ್ನು ನೋಡಿಕೊಳ್ಳುವ ಹುಡುಗನಾಗಿ. ಸೇರಿದಾಗ ಆರು ಅಡಿಗಿಂತ ತುಸುವೇ ಹೆಚ್ಚಿದ್ದ ಎತ್ತರ ಓದು ಮುಗಿಯುವ ಹೊತ್ತಿಗೆ ಆರು ಅಡಿ ಎಂಟು ಅಂಗುಲಕ್ಕೆ ಬೆಳೆದಿತ್ತು. ಅವನ ಕಾಲೇಜಿನ ಪಂದ್ಯಗಳು ದೂರದರ್ಶನದಲ್ಲಿ ಕಾಣುವಂಥವಲ್ಲ. ಎದುರಾಳಿಗಳೂ ಸಣ್ಣ ಕಾಲೇಜಿನವರು. ಆ ಅಂಕಗಳಿಗೆ ಬೆಲೆಯೆಷ್ಟು? ಎನ್.ಬಿ.ಎ.ಯ ಪರವಾಗಿ ಆಟಗಾರರ ಶೋಧಕಾರ್ಯವನ್ನು ನಡೆಸುತ್ತಿದ್ದ ಮಾರ್ಟಿ ಬ್ಲೇಕ್ ಅವನ ವಿಷಯವನ್ನು ತಂಡಗಳಿಗೆ ತಿಳಿಸಿದ್ದನು. ಶಿಕಾಗೋ ತಂಡದ ಜೆರ್ರಿ ಕ್ರಾಸ್ ಪೋರ್ಟ್ಸ್‌ಮತ್ತಿನಲ್ಲಿ ಅವನನ್ನು ಕಣ್ಣಾರೆ ಕಂಡನು. ಅದೇ ವರ್ಷದ ಡ್ರಾಫ್ಟಿನಲ್ಲಿ ಸಿಯಾಟಲ್ ತಂಡ ಪಿಪ್ಪೆನ್ನನನ್ನು ಐದನೆಯವನಾಗಿ ಆರಿಸಿ ಒಡನೆಯೇ ಶಿಕಾಗೋಗೆ ವಿನಿಮಯ ಮಾಡಿತು. ಮುಂದೆ ಆ ತಂಡ ಗೆದ್ದ ಆರು ಚಾಂಪಿಯನ್ ಪದವಿಗಳಲ್ಲಿ ಅವನ ಪಾಲು ಎಷ್ಟೆಂಬುದು ಸುಪ್ರಸಿದ್ಧ.

ಈ ಮೂವರ ಕಥೆ ಓದಲು ಸೊಗಸಾಗಿದೆ; ಅಪಾಯವೂ ಅಲ್ಲಿಯೇ ಇದೆ. ಇವರನ್ನು ಮುಂದಿಟ್ಟುಕೊಂಡು, ಯೋಗ್ಯನಾದವನು ಯಾವ ಮೂಲೆಯಲ್ಲಿದ್ದರೂ ಪೋರ್ಟ್ಸ್‌ಮತ್ ಅವನನ್ನು ಬೆಳಕಿಗೆ ತಂದೇ ತರುತ್ತದೆ ಎಂದು ಹೇಳಲಾಗುತ್ತದೆ. ಆದರೆ ಈ ಮೂವರ ಕಾಲದ ಪರಿಸ್ಥಿತಿ ಮುಂದೆ ಉಳಿಯಲಿಲ್ಲ. ಅದು ಬದಲಾದುದಕ್ಕೆ ಕಾರಣ ಪೋರ್ಟ್ಸ್‌ಮತ್ತಿನಲ್ಲಿಲ್ಲ, ನ್ಯಾಯಾಲಯದಲ್ಲಿದೆ.

ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಕಳೆಯದವನು ಎನ್.ಬಿ.ಎ. ಸೇರುವಂತಿಲ್ಲವೆಂಬ ನಿಬಂಧನೆ ಹಿಂದೆ ಇತ್ತು. ಆದಕಾರಣ ಸೀನಿಯರ್ ಎಂದರೆ ಡ್ರಾಫ್ಟಿಗೆ ನಿಲ್ಲುವ ಬಹುಮಟ್ಟಿನ ಎಲ್ಲರೂ ಎಂದೇ ಅರ್ಥ. ಸ್ಪೆನ್ಸರ್ ಹೇವುಡ್ ಎಂಬ ಆಟಗಾರನು ಈ ಗಡುವಿಗೆ ಮುನ್ನವೇ 1970ರಲ್ಲಿ ಸಿಯಾಟಲ್ ತಂಡವನ್ನು ಸೇರಿದನು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 1971ರಲ್ಲಿ ಅವನ ಪರವಾಯಿತು. ದುಡಿಯಬಲ್ಲ ಯುವಕನ ದುಡಿಮೆಯ ಹಕ್ಕನ್ನು ತಂಡಗಳ ಒಡೆಯರು ಕೂಡಿ ತಡೆಯಬಾರದೆಂಬ ವಾದ ನ್ಯಾಯವಾದುದೇ ಎಂದು ನಾವು ಒಪ್ಪುತ್ತೇವೆ. ಅನಂತರ ಮೊದಲು ಬಡತನದ ಕಾರಣವನ್ನು ತೋರಿಸಿದವರಿಗೆ, 1976ರಿಂದ ಬಯಸಿದವರೆಲ್ಲರಿಗೆ, ಓದು ಮುಗಿಯುವ ಮುನ್ನವೇ ದಾರಿ ತೆರೆಯಿತು. 1995ರಲ್ಲಿ ಕೆವಿನ್ ಗಾರ್ನೆಟ್ ಹೈಸ್ಕೂಲಿನಿಂದ ನೇರವಾಗಿ ಹೋದನು. 2005ರ ಒಪ್ಪಂದವು ಹತ್ತೊಂಬತ್ತು ವರ್ಷದ ಮಿತಿಯನ್ನು ಹಾಕಿದ ಮೇಲೂ ಶ್ರೇಷ್ಠರೆನಿಸಿದವರು ಒಂದು ವರ್ಷ ಮಾತ್ರ ಕಾಲೇಜಿನಲ್ಲಿದ್ದು ಹೊರಟುಹೋಗುವುದು ರೂಢಿಯಾಯಿತು. ನಾಲ್ಕು ವರ್ಷ ಓದಿದ ಸೀನಿಯರ್ ಒಬ್ಬನು ಡ್ರಾಫ್ಟಿನಲ್ಲಿ ಮೊದಲಿಗನಾದುದು 2000ದಲ್ಲಿ, ಕೆನ್ಯನ್ ಮಾರ್ಟಿನ್ನನ ಮೂಲಕ; ಆ ಬಳಿಕ 2025ರವರೆಗೆ ಮತ್ತೊಬ್ಬನಿಲ್ಲ.

ಇದರ ಜೊತೆಗೆ ಬಾಗಿಲೂ ಕಿರಿದಾಯಿತು. 1960ರಲ್ಲಿಯೂ 1968ರಲ್ಲಿಯೂ ಡ್ರಾಫ್ಟ್ ಇಪ್ಪತ್ತೊಂದು ಸುತ್ತುಗಳವರೆಗೆ ನಡೆದಿತ್ತು. ಪಿಪ್ಪೆನ್ನನ ವರ್ಷದಲ್ಲಿ ಏಳು ಸುತ್ತುಗಳು, ಇಪ್ಪತ್ತಮೂರು ತಂಡಗಳು, 161 ಆಯ್ಕೆಗಳು. 1988ರಲ್ಲಿ ಸುತ್ತುಗಳು ಮೂರಾದವು, 1989ರಿಂದ ಎರಡು. ತಂಡಗಳು ಮೂವತ್ತಕ್ಕೆ ಏರಿದ ಮೇಲೂ ಹೆಚ್ಚೆಂದರೆ ಅರುವತ್ತು ಸ್ಥಾನಗಳು. ಅವಕ್ಕೆ ಹತ್ತೊಂಬತ್ತರ ಹರೆಯದವರೂ ಪರದೇಶದ ಆಟಗಾರರೂ ಸ್ಪರ್ಧಿಗಳು. ಪೋರ್ಟ್ಸ್‌ಮತ್ತಿಗೆ ಆಹ್ವಾನಿತರೇ ಅರುವತ್ತುನಾಲ್ಕು ಮಂದಿ. ಹಿಂದೆ ಪದವಿಯ ಹೊಸ್ತಿಲಿಗೆ ಬಂದುದು ಆಟಗಾರನ ಅರ್ಹತೆಯ ಗುರುತಾಗಿತ್ತು. ಈಗ ನಾಲ್ಕನೆಯ ವರ್ಷದವರೆಗೆ ಉಳಿದನೆಂದರೆ, ಮೊದಲ ಮೂರು ವರ್ಷ ಇವನನ್ನು ಯಾರೂ ಕರೆಯಲಿಲ್ಲವೇಕೆ ಎಂದು ಶೋಧಕರು ಕೇಳುತ್ತಾರೆ. ವ್ಯಾಸಂಗವನ್ನು ಪೂರ್ತಿಮಾಡಿದುದೇ ಅನುಮಾನಕ್ಕೆ ಕಾರಣವಾಗುವ ಈ ವಿಪರ್ಯಾಸ ಅಧ್ಯಾಪಕರಾದ ನಮ್ಮನ್ನು ಕಾಡದೆ ಇರದು.

ಈ ಕಾಲದ ಹೆಸರುಗಳು ಹಿಂದಿನವುಗಳಿಗಿಂತ ಬೇರೆ ರೀತಿಯವು. 2010ರಲ್ಲಿ ಆಡಿದ ಹಾರ್ವರ್ಡಿನ ಜೆರೆಮಿ ಲಿನ್ ಡ್ರಾಫ್ಟಿನಲ್ಲಿ ಆಯ್ಕೆಯಾಗಲೇ ಇಲ್ಲ. ಬೇರೆ ಬಾಗಿಲಿನಿಂದ ಒಳಹೊಕ್ಕು, 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ತಂಡದಲ್ಲಿ ಮಿಂಚಿದನು. 2011ರ ಜಿಮ್ಮಿ ಬಟ್ಲರ್ ಮೊದಲ ಸುತ್ತಿನ ಕಟ್ಟಕಡೆಯವನು, ಮೂವತ್ತನೆಯವನು. ಪೋರ್ಟ್ಸ್‌ಮತ್ತಿನಲ್ಲಿ ಈಗ ಎದುರು ನೋಡುವುದು ಡ್ರಾಫ್ಟನ್ನು ಮಾತ್ರವೇ ಅಲ್ಲ, ಎನ್.ಬಿ.ಎ.ಯ ಕೆಳದರ್ಜೆಯ ಲೀಗ್, 2017ರಲ್ಲಿ ಬಂದ ‘ಟೂ-ವೇ’ ಒಪ್ಪಂದಗಳು, ಯೂರೋಪಿನ ತಂಡಗಳು, ಇವೆಲ್ಲವೂ ಜೀವನೋಪಾಯಗಳೇ. ಪರದೇಶದ ಯಾವುದೋ ಪಟ್ಟಣದಲ್ಲಿ ಹತ್ತು ವರ್ಷ ಆಡಿ ಸಂಸಾರ ನಡೆಸಿದವನ ಹೆಸರು ಪ್ರಸಿದ್ಧರ ಪಟ್ಟಿಗೆ ಬರುವುದಿಲ್ಲ. ಆದರೆ ಪಂದ್ಯಾವಳಿಯಿಂದ ಉಂಟಾದ ಪ್ರಯೋಜನದ ಲೆಕ್ಕದಲ್ಲಿ ಅವನನ್ನು ಬಿಡುವುದು ಹೇಗೆ? ಹಾಗೆಯೇ ಮೂರು ಪಂದ್ಯಗಳನ್ನಾಡಿ ಊರಿಗೆ ಮರಳಿ ಬೇರೆ ಕೆಲಸ ಹಿಡಿದವನನ್ನು? ಪಂದ್ಯಾವಳಿಯ ಚರಿತ್ರೆಯನ್ನು ಸರಿಯಾಗಿ ಬರೆಯಬೇಕಾದರೆ ಪ್ರತಿವರ್ಷದ ಅರುವತ್ತುನಾಲ್ವರನ್ನೂ ಹಿಂಬಾಲಿಸಬೇಕು. ಏಳರ ಮುಂದಿನ ಕಥೆಯಿಂದ ಉಳಿದವರ ಕಥೆಯನ್ನು ಊಹಿಸುವುದು ಶಾಸ್ತ್ರಸಮ್ಮತವಲ್ಲ.

ಇನ್ನೊಂದು ಮಾತು. 1953ರಿಂದ 2019ರವರೆಗೆ ಅರುವತ್ತೇಳು ಸಲ ನಡೆದ ಪಂದ್ಯಾವಳಿ ಕೊರೋನಾ ಸಾಂಕ್ರಾಮಿಕದ ಕಾರಣ 2020ರಲ್ಲಿಯೂ 2021ರಲ್ಲಿಯೂ ನಡೆಯಲಿಲ್ಲ. 2022ರಲ್ಲಿ ಅರುವತ್ತೆಂಟನೆಯದಾಗಿ ಮುಂದುವರಿಯಿತು. ಎಣಿಕೆಯಲ್ಲಿ ಎಡೆ ಕಾಣುವುದಿಲ್ಲ, ವರ್ಷಗಳಲ್ಲಿ ಕಾಣುತ್ತದೆ. 2020-21ರ ಋತುವಿನಲ್ಲಿ ಆಡಿದವರಿಗೆ ಕಾಲೇಜು ಕ್ರೀಡೆಗಳ ಮಂಡಲಿಯಾದ ಎನ್.ಸಿ.ಎ.ಎ. ಇನ್ನೊಂದು ವರ್ಷ ಆಡುವ ಅವಕಾಶವನ್ನು ಕೊಟ್ಟಿತು. ಅವರಲ್ಲಿ ಎಷ್ಟೋ ಮಂದಿ ಐದನೆಯ ವರ್ಷವೂ ಉಳಿದರು. ಅಷ್ಟರಲ್ಲಿ, 2021ರ ಜುಲೈಯಿಂದ, ಕಾಲೇಜಿನ ಆಟಗಾರನು ತನ್ನ ಹೆಸರಿನಿಂದ ಹಣ ಸಂಪಾದಿಸಬಹುದೆಂಬ ನಿಯಮವೂ ಬಂದು, ‘ಹವ್ಯಾಸಿ’ ಎಂಬ ಮಾತಿನ ಹಳೆಯ ಅರ್ಥ ಸಡಿಲವಾಯಿತು. ಕಾಲೇಜಿನಲ್ಲಿ ಉಳಿಯುವುದೇ ಲಾಭವೆನ್ನುವವರೂ ಹುಟ್ಟಿಕೊಂಡರು. ಆದರೆ 2020ರ ಮಾರ್ಚಿಯಲ್ಲಿ ಓದಿನ ಕೊನೆಗೆ ಬಂದಿದ್ದ ಬ್ಯಾಸ್ಕೆಟ್‌ಬಾಲ್ ಸೀನಿಯರ್‌ಗಳಿಗೆ ಆ ಹೆಚ್ಚಿನ ವರ್ಷವನ್ನು ಮಂಡಲಿ ಕೊಡಲಿಲ್ಲ. ಚಳಿಗಾಲದ ಆಟಗಳ ಋತು ಹೆಚ್ಚುಕಡಮೆ ಮುಗಿದೇ ಇತ್ತೆಂಬುದು ಕಾರಣ. ಅವರ ರಾಷ್ಟ್ರೀಯ ಪಂದ್ಯಾವಳಿ ರದ್ದಾಯಿತು, ಪೋರ್ಟ್ಸ್‌ಮತ್ ರದ್ದಾಯಿತು, ಜೂನಿನಲ್ಲಿ ನಡೆಯಬೇಕಾಗಿದ್ದ ಡ್ರಾಫ್ಟ್ ನವೆಂಬರಿಗೆ ಹೋಯಿತು. ಆ ವರ್ಷ ಚರ್ಚ್‌ಲ್ಯಾಂಡಿನ ಅಂಕಣದಲ್ಲಿ ನಿಲ್ಲಬೇಕಾಗಿದ್ದ ಅರುವತ್ತುನಾಲ್ವರು ಯಾರು ಯಾರೆಂಬುದಕ್ಕೆ ಅಂಕಪಟ್ಟಿ ಇಲ್ಲ.