ಬರಿಗಾಲು, ಬೂಟು ಮತ್ತು ಮರಳು



ಕೆಲವು ದಿನಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬರು ಮಂಡ್ಯದ ನಮ್ಮ ಮನೆಗೆ ಮಗನೊಡನೆ ಬಂದಿದ್ದರು. ದೊಡ್ಡವರ ಮಾತು ಬೇಸರವಾಗಿ ಹುಡುಗ ಮೊಬೈಲಿನಲ್ಲಿ ಏನನ್ನೋ ನೋಡುತ್ತ ಕುಳಿತಿದ್ದ. ಬಗ್ಗಿ ನೋಡಿದೆ. ಮರಳಿನ ಮೇಲೆ ಆಟಗಾರರು ಬರಿಗಾಲಿನಲ್ಲಿ ಚೆಂಡು ಒದೆಯುತ್ತಿದ್ದರು. "ಇವರಿಗೆ ಬೂಟು ಇಲ್ಲವೇನಪ್ಪ?" ಎಂದೆ. "ಇದು ಬೀಚ್ ಸಾಕರ್ ತಾತ, ಬೂಟು ಹಾಕ್ಕೊಂಡ್ರೆ ಆಡೋಕೇ ಬಿಡಲ್ಲ" ಎಂದು ಉತ್ತರಿಸಿದ.

ಹುಡುಗ ಸಹಜವಾಗಿ ಹೇಳಿದ ಮಾತು ಅಂದು ರಾತ್ರಿ ನನ್ನ ನಿದ್ರೆಯನ್ನು ಕೆಡಿಸಿತು. ಏಕೆಂದರೆ ಬಹಳ ವರ್ಷಗಳ ಹಿಂದೆ ಇದಕ್ಕೆ ನೇರ ವಿರುದ್ಧವಾದ ಮಾತನ್ನು ನಾನೇ ಒಬ್ಬ ಹುಡುಗನಿಗೆ ಹೇಳಿದ್ದೆ. ಆ ಸಂಗತಿಯನ್ನು ಕೊನೆಗೆ ಬರೆಯುತ್ತೇನೆ. ಇತಿಹಾಸದ ಮೇಷ್ಟ್ರಾದ್ದರಿಂದ ಮೊದಲು ಇತಿಹಾಸವನ್ನೇ ಹೇಳುವುದು ನನ್ನ ಅಭ್ಯಾಸ.

ಮರಳಿನ ಮೇಲೆ ಚೆಂಡಾಡುವುದು ಬ್ರೆಜಿಲ್ ದೇಶದ ಕಡಲತೀರಗಳಲ್ಲಿ ಬಹುಕಾಲದಿಂದ ನಡೆದುಬಂದ ಆಟ. ಅದಕ್ಕೆ ಕಟ್ಟುನಿಟ್ಟಾದ ನಿಯಮಗಳು ಬರಹಕ್ಕಿಳಿದದ್ದು 1992ರಲ್ಲಿ. 2005ರಿಂದ ಫಿಫಾ ಸಂಸ್ಥೆಯೇ ಇದರ ವಿಶ್ವಕಪ್ ನಡೆಸತೊಡಗಿತು. ಗೋಲಿಯೂ ಸೇರಿ ತಂಡಕ್ಕೆ ಐವರು. ಹನ್ನೆರಡು ನಿಮಿಷಗಳ ಮೂರು ಅವಧಿ. ಅಂಗಳದ ಉದ್ದ 35ರಿಂದ 37 ಮೀಟರು, ಅಗಲ 26ರಿಂದ 28 ಮೀಟರು. ಮರಳಿನ ಆಳ ಕನಿಷ್ಠ 40 ಸೆಂಟಿಮೀಟರು. ಪಾದರಕ್ಷೆ ನಿಷಿದ್ಧ. ಬೇಕಾದವರು ಪಾದಕ್ಕೋ ಕಣಕಾಲಿಗೋ ಪಟ್ಟಿ ಸುತ್ತಿಕೊಳ್ಳಬಹುದು, ಅಷ್ಟೆ. ಮರಳಿನಲ್ಲಿ ಚೆಂಡು ನೆಟ್ಟಗೆ ಉರುಳುವುದಿಲ್ಲ. ಎಲ್ಲಿ ಪುಟಿಯುತ್ತದೆಂದು ಹೇಳಲಾಗುವುದಿಲ್ಲ. ಆದ್ದರಿಂದ ನಿಪುಣನಾದವನು ಚೆಂಡನ್ನು ಕಾಲ್ಬೆರಳುಗಳಿಂದ ಮೇಲಕ್ಕೆತ್ತಿ ಗಾಳಿಯಲ್ಲಿಯೇ ಆಡುತ್ತಾನೆ.

ಈ ಆಟ ಬೇಗನೆ ದೊಡ್ಡ ಕ್ರೀಡಾಕೂಟಗಳನ್ನು ಪ್ರವೇಶಿಸಿತು. 2008ರಲ್ಲಿ ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ನಡೆದ ಮೊದಲ ಏಷ್ಯನ್ ಬೀಚ್ ಕ್ರೀಡಾಕೂಟದಲ್ಲಿಯೇ ಅದಕ್ಕೆ ಸ್ಥಾನವಿತ್ತು. 2019ರಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ಬೀಚ್ ಕ್ರೀಡಾಕೂಟದಲ್ಲಿ ಪುರುಷರ ಚಿನ್ನವನ್ನು ಬ್ರೆಜಿಲ್, ಮಹಿಳೆಯರ ಚಿನ್ನವನ್ನು ಸ್ಪೇನ್ ಗೆದ್ದವು. ನಮ್ಮ ದೇಶದ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಪಂದ್ಯಾವಳಿ 2023ರಲ್ಲಿ ಸೂರತ್ತಿನಲ್ಲಿ ನಡೆದು ಕೇರಳ ಗೆದ್ದಿತು. 2025ರ ಮೇ ತಿಂಗಳಿನಲ್ಲಿ ದಿಯುವಿನಲ್ಲಿ ನಡೆದ ಖೇಲೋ ಇಂಡಿಯಾ ಬೀಚ್ ಕ್ರೀಡಾಕೂಟದಲ್ಲಿಯೂ ಈ ಆಟವಿತ್ತು.

ಇದನ್ನೆಲ್ಲ ಓದಿದಾಗ ನನಗೆ ನೆನಪಾದದ್ದು ಇನ್ನೊಂದು ಬಗೆಯ ಬರಿಗಾಲು, ಹುಲ್ಲಿನ ಮೇಲಿನ ಬರಿಗಾಲು. ಆ ಕಥೆಯಲ್ಲಿ ನಮ್ಮ ಹಳೆಯ ಮೈಸೂರು ಸಂಸ್ಥಾನದ ಪಾಲು ದೊಡ್ಡದು.

1946-47ರಲ್ಲಿ ಬೆಂಗಳೂರಿನಲ್ಲಿ ನಡೆದ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ ಬಲಾಢ್ಯವಾದ ಬಂಗಾಳವನ್ನು ಸೋಲಿಸಿತು. ಮರುವರ್ಷ, ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬುವ ಮೊದಲೇ, ಭಾರತದ ತಂಡ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೊರಟಿತು. ಅದರಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು, ಮೈಸೂರಿನ ಪರ ಆಡುತ್ತಿದ್ದ ಎಸ್. ರಾಮನ್ ಇದ್ದರು. ತಂಡದ ನಾಯಕರು ನಾಗಾ ಸೀಮೆಯ ವೈದ್ಯ ತಾಲಿಮೆರೆನ್ ಆವೋ. ಜುಲೈ 31ರಂದು ಇಲ್‌ಫೋರ್ಡಿನ ಮೈದಾನದಲ್ಲಿ ಫ್ರಾನ್ಸಿನ ಎದುರು ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ, ಪಾದಕ್ಕೆ ಪಟ್ಟಿ ಸುತ್ತಿಕೊಂಡು ಇಳಿದರು. ಪ್ರೇಕ್ಷಕರು ಮೊದಲು ಬೆರಗಾದರು, ಆಮೇಲೆ ಮೆಚ್ಚಿದರು. ಫ್ರಾನ್ಸ್ ಮೊದಲ ಗೋಲು ಹೊಡೆದಾಗ ಅದನ್ನು ಸಮ ಮಾಡಿದವರು ನಮ್ಮ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಬರಿಗಾಲಿನ ಬಗ್ಗೆ ಕೇಳಿದವರಿಗೆ ಆವೋ ಅವರು, ನಾವು ಆಡುವುದು ಕಾಲಿನ ಚೆಂಡಾಟ, ನೀವು ಆಡುವುದು ಬೂಟಿನ ಚೆಂಡಾಟ ಎಂಬರ್ಥದ ಉತ್ತರ ಕೊಟ್ಟರೆಂದು ಪ್ರತೀತಿ.

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಅಹಮದ್ ಖಾನ್ ಅಲ್ಲಿಯೂ ಇದ್ದರು. ಆದರೆ ಮರುವರ್ಷ ಹೆಲ್ಸಿಂಕಿಯಲ್ಲಿ ಕಥೆ ತಿರುಗಿತು. 1952ರ ಜುಲೈ 15ರಂದು ಉತ್ತರದ ಚಳಿಯಲ್ಲಿ, ಪರಿಚಯವಿಲ್ಲದ ನೆಲದ ಮೇಲೆ ನಮ್ಮವರಲ್ಲಿ ಹಲವರ ಬರಿಗಾಲು ನಿಲ್ಲಲಿಲ್ಲ. ಯುಗೋಸ್ಲಾವಿಯ 10-1ರಿಂದ ಗೆದ್ದಿತು. ನಮ್ಮ ಆ ಒಂದು ಗೋಲು ಅಹಮದ್ ಖಾನರದು. ಅಲ್ಲಿಂದ ಮುಂದೆ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತಿದ್ದಬೇಕು. 1950ರ ವಿಶ್ವಕಪ್ಪಿಗೆ ಅವಕಾಶ ಸಿಕ್ಕಿದ್ದರೂ ಭಾರತ ಹೋಗದಿದ್ದುದಕ್ಕೆ ಬರಿಗಾಲೇ ಕಾರಣವೆಂದು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಅದು ಸರಿಯಲ್ಲ. ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನು ಅಲ್ಲಗಳೆದರು. ಅಂದಿನ ನಮ್ಮ ಆಡಳಿತಗಾರರಿಗೆ ಒಲಿಂಪಿಕ್ಸ್ ಮುಖ್ಯವಾಗಿತ್ತು, ವಿಶ್ವಕಪ್ಪಿನ ಮಹತ್ವ ತಿಳಿದಿರಲಿಲ್ಲ. ಹೊಣೆಯನ್ನು ಆಟಗಾರನ ಪಾದಗಳ ಮೇಲೆ ಹಾಕುವುದು ಸುಲಭವಾದ್ದರಿಂದ ಆ ಕಥೆ ಇಷ್ಟು ಕಾಲ ಬಾಳಿತು.

ಬೂಟು ತೊಟ್ಟದ್ದರಿಂದ ನಮ್ಮವರ ಆಟ ಕೆಡಲೂ ಇಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆಯಿತು. ಏಷ್ಯದ ಯಾವ ದೇಶವೂ ಅಲ್ಲಿಯವರೆಗೆ ಅಷ್ಟು ಮುಂದೆ ಹೋಗಿರಲಿಲ್ಲ. ಆ ತಂಡದಲ್ಲಿ ಬೆಂಗಳೂರಿನ ಎಂ. ಕೆಂಪಯ್ಯ ಇದ್ದರು, 1960ರಲ್ಲಿ ರೋಮ್‌ಗೂ ಹೋದರು. ಕೆಂಪಯ್ಯ! ನಮ್ಮ ಮಂಡ್ಯ ಸೀಮೆಯಲ್ಲಿ ಯಾವ ಊರಿನ ಅರಳಿಕಟ್ಟೆಯಲ್ಲಿ ನಿಂತು ಕೂಗಿದರೂ ಒಬ್ಬರಾದರೂ ಓಗೊಡುವ ಹೆಸರು. ಬರಿಗಾಲಿನಲ್ಲಿ ಕಲಿತ ವಿದ್ಯೆ ಬೂಟಿನೊಳಗೂ ಉಳಿಯುತ್ತದೆ ಎಂಬುದಕ್ಕೆ ಆ ಪೀಳಿಗೆಯೇ ಸಾಕ್ಷಿ. ಹಾಗಾಗಿ ಹಸಿ ಹುಲ್ಲಿನ ಮೇಲೆ ಬೂಟು ಬೇಕೆಂಬ ನಿಯಮ ತಪ್ಪಲ್ಲ, ಮರಳಿನ ಮೇಲೆ ಬೂಟು ಬೇಡವೆಂಬ ನಿಯಮವೂ ತಪ್ಪಲ್ಲ. ನೆಲಕ್ಕೆ ತಕ್ಕ ನಿಯಮ. ತಪ್ಪು ಇರುವುದು ಬೇರೆಡೆ. ಅದನ್ನು ಹೇಳಲು ನಮ್ಮ ಊರಿನ ಮರಳಿಗೆ ಬರಬೇಕು.

ನಮ್ಮ ಜಿಲ್ಲೆಗೆ ಕಡಲಿಲ್ಲ. ಆದರೆ ಮರಳಿಗೆ ಕೊರತೆ ಇರಲಿಲ್ಲ. ನಾನು ಬಾಲ್ಯವನ್ನು ಕಳೆದದ್ದು ಮದ್ದೂರಿನಲ್ಲಿ. ಬೇಸಿಗೆಯಲ್ಲಿ ಶಿಂಷಾ ನದಿ ಬತ್ತಿ ಸಣ್ಣ ಕಾಲುವೆಯಂತಾದಾಗ ಅದರ ಪಾತ್ರವೇ ನಮ್ಮ ಆಟದ ಬಯಲು. ಸಂಜೆ ಮರಳು ತಣ್ಣಗಾಗುವುದನ್ನೇ ಕಾಯುತ್ತಿದ್ದೆವು. ಹಳೆಯ ಬಟ್ಟೆ ಸುತ್ತಿ ಹುರಿ ಬಿಗಿದ ಚೆಂಡು. ಎರಡು ಕಲ್ಲುಗಳ ನಡುವಿನ ಜಾಗವೇ ಗೋಲು. ಆ ಆಟಕ್ಕೆ ನಾವು ಯಾವ ಹೆಸರನ್ನೂ ಇಟ್ಟಿರಲಿಲ್ಲ. ಮುಂದೆ ಆ ಮರಳು ಲಾರಿ ಲಾರಿಯಾಗಿ ಪಟ್ಟಣಗಳ ಕಟ್ಟಡಗಳಿಗೆ ಹೋಯಿತು. ನದಿಯಲ್ಲಿ ಗುಂಡಿಗಳು ಉಳಿದವು.

ಮೇಷ್ಟ್ರಾದ ಮೇಲೆ ಕೆಲವು ವರ್ಷ ಮಳವಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿದ್ದೆ. ಡ್ರಿಲ್ ಮೇಷ್ಟ್ರ ಹುದ್ದೆ ಖಾಲಿಯಿದ್ದುದರಿಂದ ಆಟದ ಜವಾಬ್ದಾರಿಯೂ ನನ್ನ ಹೆಗಲಿಗೆ ಬಿತ್ತು. ಎಂಟನೆಯ ತರಗತಿಯಲ್ಲಿ ಕಾವೇರಿ ದಂಡೆಯ ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ. ಹೊಳೆಯ ಮರಳಿನಲ್ಲಿ ಆಡಿ ಬೆಳೆದವನಾದ್ದರಿಂದ ಚೆಂಡನ್ನು ಕಾಲ್ಬೆರಳಿನಿಂದ ಕೆದಕಿ ಎತ್ತಿ, ನೆಲಕ್ಕೆ ಬೀಳುವ ಮೊದಲೇ ಒದೆಯುತ್ತಿದ್ದ. ಮೊನ್ನೆ ಮೊಬೈಲಿನಲ್ಲಿ ನಾನು ಕಂಡದ್ದು ಅದೇ ಒದೆತ. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಬರಿಗಾಲಿನಲ್ಲಿ ಆಡಿ ನಮ್ಮನ್ನು ಗೆಲ್ಲಿಸಿದವನು ಅವನೇ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಮಂಡ್ಯಕ್ಕೆ ಹೋಗಬೇಕಾದಾಗ ಷೂ ಕಡ್ಡಾಯವೆಂದು ಸೂಚನೆ ಬಂತು. ನಾನು ತರಗತಿಯಲ್ಲಿ ಓದಿ ಹೇಳಿದೆ: "ಷೂ ಇಲ್ಲದವರು ಆಡುವ ಹಾಗಿಲ್ಲ." ಅವನು ಎದ್ದು ನಿಂತು, "ನಾನು ಬರೋದು ಬೇಡ್ವಾ ಸಾರ್?" ಎಂದ. "ಬಾ, ಬಟ್ಟೆ ಚೀಲ ನೋಡಿಕೊಳ್ಳಲು ಒಬ್ಬರು ಬೇಕು" ಎಂದೆ.

ಅವನು ಬಂದ. ಗೆಳೆಯರ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಗೆರೆಯಾಚೆ ಕುಳಿತ. ನಾವು ಸೋತೆವು. ಹಿಂದಿರುಗುವಾಗ ಮದ್ದೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಎಲ್ಲರಿಗೂ ವಡೆ ಕೊಡಿಸಿದೆ, ಅವನು ಹಸಿವಿಲ್ಲವೆಂದ. ಆಮೇಲೆ ಅವನು ಶಾಲೆಯ ಮೈದಾನಕ್ಕೆ ಇಳಿದದ್ದನ್ನು ನಾನು ನೋಡಲಿಲ್ಲ. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟ.

ನಿಯಮ ಮಾಡಿದವನು ನಾನಲ್ಲ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಸೂಚನೆ ಬಂದ ದಿನಕ್ಕೂ ಪಂದ್ಯಕ್ಕೂ ನಡುವೆ ಒಂದು ವಾರವಿತ್ತು. ಒಂದು ಜೊತೆ ಕ್ಯಾನ್ವಾಸ್ ಷೂ ಕೊಳ್ಳುವಷ್ಟು ಹಣ ನನ್ನ ಬಳಿ ಇತ್ತು. ಸೋತ ತಂಡದವರಿಗೆ ವಡೆ ಕೊಡಿಸಬೇಕೆಂದು ಹೊಳೆದ ನನಗೆ ಷೂ ಕೊಡಿಸಬೇಕೆಂದು ಹೊಳೆಯಲಿಲ್ಲ. ನಿಯಮವನ್ನು ಓದಿ ಹೇಳುವುದಕ್ಕೆ ಮೇಷ್ಟ್ರೇ ಬೇಕಾಗಿಲ್ಲ, ಸೂಚನಾ ಫಲಕ ಸಾಕು. ನಿಯಮಕ್ಕೂ ಹುಡುಗನಿಗೂ ನಡುವೆ ಇರುವ ಅಂತರವನ್ನು ತುಂಬುವುದಕ್ಕಾಗಿಯೇ ಮೇಷ್ಟ್ರು ಇರುವುದು.

ನಿಮ್ಮಲ್ಲಿ ಅನೇಕರು ಈಗ ಮೇಷ್ಟ್ರುಗಳಾಗಿದ್ದೀರಿ, ಅಧಿಕಾರಿಗಳಾಗಿದ್ದೀರಿ, ತಂದೆ ತಾಯಿಗಳಾಗಿದ್ದೀರಿ. "ಇದು ಇಲ್ಲದವರು ಬರುವ ಹಾಗಿಲ್ಲ" ಎಂದು ಓದಿ ಹೇಳಬೇಕಾದ ದಿನ ನಿಮಗೂ ಬರುತ್ತದೆ. ಓದಿದ ಮೇಲೆ ಒಮ್ಮೆ ತಲೆಯೆತ್ತಿ, ಎದ್ದು ನಿಂತಿರುವವನು ಯಾರೆಂದು ನೋಡಿ.

ಆ ಹುಡುಗನಿಗೆ ಈಗ ಮೊಮ್ಮಕ್ಕಳಿರಬಹುದು. ಇದನ್ನು ಓದುವವರಲ್ಲಿ ಅವನನ್ನು ಬಲ್ಲವರಿದ್ದರೆ, ಬರಿಗಾಲಿನವರಿಗೆ ಮಾತ್ರ ಅವಕಾಶವಿರುವ ಆಟವೊಂದು ಈಗ ಜಗತ್ತಿನಲ್ಲಿದೆಯೆಂದು ಅವನಿಗೆ ತಿಳಿಸಿ. ಮೇಷ್ಟ್ರು ಕ್ಷಮೆ ಕೇಳಿದರೆಂದೂ ತಿಳಿಸಿ.

ಎಲ್ಲರಿಗೂ ಒಳ್ಳೆಯದಾಗಲಿ.