ವಿನಿಪೆಗ್

ವಿನಿಪೆಗ್: ಕೆನಡದ ಮ್ಯಾನಿಟೋಬ ಪ್ರಾಂತ್ಯದ ರಾಜಧಾನಿ, ಪ್ರೇರಿ ಬಯಲಿನ ಪೂರ್ವದಂಚಿನಲ್ಲಿ ರೆಡ್ ಮತ್ತು ಅಸಿನಿಬೊಯಿನ್ ನದಿಗಳ ಸಂಗಮದಲ್ಲಿದೆ. 1873ರಲ್ಲಿ ನಗರವಾಯಿತು. ರೈಲುಮಾರ್ಗ ಮತ್ತು ಗೋಧಿ ವ್ಯಾಪಾರದಿಂದ ಬೆಳೆಯಿತು.

ಮುಖ್ಯ ಪ್ರೇಕ್ಷಣೀಯ ಸ್ಥಳ ಸಂಗಮದ ಫೋರ್ಕ್ಸ್. ಸುಮಾರು 6,000 ವರ್ಷಗಳಿಂದ ಮೂಲನಿವಾಸಿಗಳು ಕೂಡುತ್ತಿದ್ದ ಈ ಜಾಗ ಮುಂದೆ ತುಪ್ಪಳ ವ್ಯಾಪಾರದ ನೆಲೆಯೂ ರೈಲ್ವೆ ಯಾರ್ಡೂ ಆಯಿತು. ಹಳೆಯ ಕುದುರೆ ಲಾಯಗಳನ್ನು ಜೋಡಿಸಿ ಇಲ್ಲಿನ ಮಾರುಕಟ್ಟೆಯನ್ನು ರೂಪಿಸಲಾಗಿದೆ. ಬೇಸಗೆಯಲ್ಲಿ ನದಿದಂಡೆಯ ನಡಿಗೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಸ್ಕೇಟಿಂಗ್ ಜನಪ್ರಿಯ. ಪಕ್ಕದಲ್ಲೇ ಆಂಟೊಯಿನ್ ಪ್ರೆಡಾಕ್ ವಿನ್ಯಾಸಗೊಳಿಸಿದ ಮಾನವ ಹಕ್ಕುಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ (2014).

ಎಸ್ಪ್ಲನಾಡ್ ರಿಯೆಲ್ ಕಾಲುಸೇತುವೆ ದಾಟಿದರೆ ಫ್ರೆಂಚ್ ಭಾಷಿಕರ ಸೇಂಟ್ ಬಾನಿಫಸ್. 1968ರ ಬೆಂಕಿಯಲ್ಲಿ ಸುಟ್ಟ ಅಲ್ಲಿನ ಕ್ಯಾಥೆಡ್ರಲಿನ ಕಲ್ಲಿನ ಮುಖಭಾಗವನ್ನು ಹಾಗೆಯೇ ಉಳಿಸಿಕೊಂಡಿರುವುದು ಶ್ಲಾಘನೀಯ. 1870ರಲ್ಲಿ ಮ್ಯಾನಿಟೋಬ ಪ್ರಾಂತ್ಯ ಹುಟ್ಟಲು ಕಾರಣನಾದ, 1885ರಲ್ಲಿ ಗಲ್ಲಿಗೇರಿದ ಮೇಟಿ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ) ಜನನಾಯಕ ಲೂಯಿ ರಿಯೆಲ್‌ನ ಸಮಾಧಿ ಅದರ ಆವರಣದಲ್ಲಿದೆ.

1920ರ ಶಾಸನಸಭಾ ಭವನದ ಗುಮ್ಮಟದ ತುದಿಯಲ್ಲಿ ಪಂಜು ಮತ್ತು ಗೋಧಿಯ ಸಿವುಡು ಹಿಡಿದ 'ಗೋಲ್ಡನ್ ಬಾಯ್' ಪ್ರತಿಮೆಯಿದೆ. ಅಸಿನಿಬೊಯಿನ್ ಉದ್ಯಾನದ ಮೃಗಾಲಯದಲ್ಲಿ ಹಿಮಕರಡಿಗಳನ್ನು ನೀರಿನಡಿಯ ಪಾರದರ್ಶಕ ಸುರಂಗದಿಂದ ನೋಡಬಹುದು. 2021ರಲ್ಲಿ ತೆರೆದ ಕೌಮಾಯುಕ್ ಕಲಾಕೇಂದ್ರ ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಜನರ ಕಲೆಗೆ ಮೀಸಲು. ಹಳೆಯ ಧಾನ್ಯ ವ್ಯಾಪಾರದ ಕಟ್ಟಡಗಳುಳ್ಳ ಎಕ್ಸ್‌ಚೇಂಜ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಐತಿಹಾಸಿಕ ತಾಣ.

ಫೆಬ್ರವರಿಯಲ್ಲಿ ತುಪ್ಪಳ ವ್ಯಾಪಾರದ ಕಾಲವನ್ನು ನೆನೆಯುವ ವಾಯಜರ್ ಉತ್ಸವ, ಆಗಸ್ಟಿನಲ್ಲಿ ಬಹುಸಂಸ್ಕೃತಿಗಳ ಫೋಕ್ಲೊರಾಮ ನಡೆಯುತ್ತವೆ. ಜನವರಿಯಲ್ಲಿ ಉಷ್ಣತೆ -30° ಸೆ.ಗಿಂತ ಕೆಳಗಿಳಿಯುವುದುಂಟು.