ವಿಡಿಯೊ ಡೋರ್ ಇಂಟರ್‌ಕಾಮ್: ಮುಂಬೈ ಸೊಸೈಟಿಗಳಲ್ಲಿ ಮಾನಿಟರಿಂಗ್ ಸ್ಟ್ರೀಮ್ ಹೊಂದಿಸುವುದು ಹೇಗೆ?

ಮುಂಬೈ: ಮಾಟುಂಗಾ, ಮುಲುಂಡ್, ಗೋರೆಗಾಂವ್, ಡೊಂಬಿವಲಿ ಹೀಗೆ ಎಲ್ಲೆಡೆ ಹಳೆಯ ಕಟ್ಟಡಗಳು ರಿಡೆವಲಪ್‌ಮೆಂಟ್‌ಗೆ ಹೋಗಿ ಎತ್ತರದ ಟವರ್‌ಗಳಾಗುತ್ತಿವೆ. ನಾಲ್ಕು ಮಹಡಿಯ ಕಟ್ಟಡದ ಬಾಲ್ಕನಿಯಿಂದ ಬಗ್ಗಿ 'ಯಾರು?' ಎಂದು ಕೇಳುತ್ತಿದ್ದ ಹಿರಿಯರು ಈಗ ಹದಿನಾಲ್ಕನೇ ಮಹಡಿಯಲ್ಲಿ ಗೋಡೆಯ ಮೇಲಿನ ಪರದೆ ನೋಡಿ ಬಾಗಿಲು ತೆರೆಯಬೇಕು. ಮಕ್ಕಳು ಬೇರೆ ಊರಿನಲ್ಲೋ ವಿದೇಶದಲ್ಲೋ ಇದ್ದು, ಮನೆಯಲ್ಲಿ ವಯಸ್ಸಾದವರಷ್ಟೇ ಇರುವಾಗ ಆ ಪರದೆಯ ಚಿತ್ರ ಸ್ಪಷ್ಟವಾಗಿರುವುದು ಭದ್ರತೆಯ ಪ್ರಶ್ನೆ.

ಆದರೆ ನೆಟ್‌ವರ್ಕ್‌ಗೆ ಜೋಡಿಸಿದ ಡೋರ್ ಇಂಟರ್‌ಕಾಮ್ ಬರೀ ಕರೆಗಂಟೆಯಲ್ಲ, ಅದು ಹಗಲು ರಾತ್ರಿ ತೆರೆದಿರುವ ಕ್ಯಾಮೆರಾ. ಅದರ ಚಿತ್ರ ಫ್ಲ್ಯಾಟ್‌ಗೆ, ವಾಚ್‌ಮನ್ ಕ್ಯಾಬಿನ್‌ಗೆ, ರೆಕಾರ್ಡರ್‌ಗೆ, ಕೆಲವೊಮ್ಮೆ ಮೊಬೈಲ್‌ಗೂ ಹೋಗುತ್ತದೆ. ಹೆಚ್ಚಿನ ಕಡೆ ಕಂಪನಿಯಿಂದ ಬಂದ ಸೆಟ್ಟಿಂಗ್‌ಗಳೇ ಉಳಿದುಬಿಡುತ್ತವೆ. ಪರಿಣಾಮ ಎರಡು: ಬೇಕಾದವರಿಗೆ ಚಿತ್ರ ತಡವಾಗಿ ಬರುತ್ತದೆ, ಬೇಡದವರಿಗೂ ಚಿತ್ರ ಸಿಗುತ್ತದೆ. ಎರಡನ್ನೂ ತಪ್ಪಿಸಲು ಸ್ಟ್ರೀಮ್‌ಗಳನ್ನು ಹೇಗೆ ಹೊಂದಿಸಬೇಕು? ಇಲ್ಲಿದೆ ವಿವರ.

ಕರೆಯ ವಿಡಿಯೊ ಬೇರೆ, ಮಾನಿಟರಿಂಗ್ ಬೇರೆ

ಅತಿಥಿ ಬಟನ್ ಒತ್ತಿದಾಗ ಫ್ಲ್ಯಾಟ್‌ಗೆ ಬರುವುದು ಕರೆಯ ವಿಡಿಯೊ. ಇದು ಸಾಮಾನ್ಯವಾಗಿ ಎಸ್‌ಐಪಿ ಎಂಬ ವಿಧಾನದಲ್ಲಿ ಸಾಗುತ್ತದೆ, ಕರೆ ಮುಗಿದೊಡನೆ ನಿಲ್ಲುತ್ತದೆ.

ಮಾನಿಟರಿಂಗ್ ಸ್ಟ್ರೀಮ್ ಹಾಗಲ್ಲ. ಯಾರೂ ಬಟನ್ ಒತ್ತದಿದ್ದರೂ, ಕೇಳಿದವರಿಗೆ ಕೇಳಿದಾಗಲೆಲ್ಲ ಸಿಗುವ ವಿಡಿಯೊ ಅದು. ಬಹುತೇಕ ಉಪಕರಣಗಳು ಇದನ್ನು ಆರ್‌ಟಿಎಸ್‌ಪಿ ಮೂಲಕ ಕೊಡುತ್ತವೆ. ಅದರ ರೂಢಿಯ ಪೋರ್ಟ್ 554. ಒಂದು ಕಂಪನಿಯ ಇಂಟರ್‌ಕಾಮ್ ಅನ್ನು ಇನ್ನೊಂದು ಕಂಪನಿಯ ರೆಕಾರ್ಡರ್ ಗುರುತಿಸಲು ಓನ್‌ವಿಫ್ ಎಂಬ ಸಾಮಾನ್ಯ ಮಾನದಂಡ ನೆರವಾಗುತ್ತದೆ. ಆಕ್ಸಿಸ್, ಬಾಷ್ ಮತ್ತು ಸೋನಿ ಕಂಪನಿಗಳು 2008ರಲ್ಲಿ ಇದನ್ನು ಆರಂಭಿಸಿದವು. ಖರೀದಿಗೆ ಮೊದಲೇ ಇಂಟರ್‌ಕಾಮ್ ಮತ್ತು ರೆಕಾರ್ಡರ್ ಎರಡರಲ್ಲೂ ಓನ್‌ವಿಫ್ ಇದೆಯೇ ಎಂದು ನೋಡುವುದು ಒಳ್ಳೆಯದು.

ಒಂದೊಂದು ಸ್ಟ್ರೀಮ್‌ಗೆ ಒಂದೊಂದು ಕೆಲಸ

ಹೆಚ್ಚಿನ ಇಂಟರ್‌ಕಾಮ್‌ಗಳು ಒಂದೇ ಕ್ಯಾಮೆರಾದಿಂದ ಎರಡು ಸ್ಟ್ರೀಮ್ ಕೊಡುತ್ತವೆ. ದೊಡ್ಡದು ಮೇನ್ ಸ್ಟ್ರೀಮ್, ಚಿಕ್ಕದು ಸಬ್ ಸ್ಟ್ರೀಮ್.

ಮೇನ್ ಸ್ಟ್ರೀಮ್ ರೆಕಾರ್ಡಿಂಗ್‌ಗೆ. 1920×1080 ಗಾತ್ರ, ಸೆಕೆಂಡಿಗೆ 15 ಫ್ರೇಮ್, 2 ಎಂಬಿಪಿಎಸ್ ವೇಗ ಸಾಮಾನ್ಯ ಲಾಬಿಗೆ ಸಾಕು. ಸಬ್ ಸ್ಟ್ರೀಮ್ ನೇರ ವೀಕ್ಷಣೆಗೆ. ವಾಚ್‌ಮನ್ ಕ್ಯಾಬಿನ್‌ನ ಪರದೆ ಮತ್ತು ಫ್ಲ್ಯಾಟ್‌ನ ಒಳಾಂಗಣ ಮಾನಿಟರ್‌ಗೆ 640×360 ಗಾತ್ರ, 512 ಕೆಬಿಪಿಎಸ್ ಸಾಕಾಗುತ್ತದೆ.

ಡಿಸ್ಕ್ ಉಳಿಸಲು ಕೆಲವರು ಸಬ್ ಸ್ಟ್ರೀಮ್ ಅನ್ನೇ ರೆಕಾರ್ಡ್ ಮಾಡುತ್ತಾರೆ. ಅದು ದುಬಾರಿ ಉಳಿತಾಯ. ಕಣ್ಗಾವಲು ಕ್ಯಾಮೆರಾಗಳ ಅಂತಾರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯ ಪ್ರಕಾರ ಅಪರಿಚಿತರ ಗುರುತು ಹಿಡಿಯಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕಿತ್ತು. ಬಾಗಿಲ ಮುಂದಿನ 3 ಮೀಟರ್ ಅಗಲದ ಜಾಗದಲ್ಲಿ ಮೇನ್ ಸ್ಟ್ರೀಮ್ ಮೀಟರ್‌ಗೆ 640 ಪಿಕ್ಸೆಲ್ ಕೊಡುತ್ತದೆ, ಸಬ್ ಸ್ಟ್ರೀಮ್ ಕೊಡುವುದು ಸುಮಾರು 213 ಮಾತ್ರ. ಕಳ್ಳತನವಾದ ಮೇಲೆ 'ಯಾರೋ ಬಂದಿದ್ದರು' ಎಂಬುದಷ್ಟೇ ಕಾಣುತ್ತದೆ, ಮುಖ ಕಾಣುವುದಿಲ್ಲ.

ಹೊಂದಿಸುವ ಕ್ರಮ

1. ಡೋರ್ ಯೂನಿಟ್‌ಗೆ ಬದಲಾಗದ ಐಪಿ ವಿಳಾಸ ಕೊಡಬೇಕು. ವಿಳಾಸ ಬದಲಾದರೆ ರೆಕಾರ್ಡರ್‌ಗೆ ಸ್ಟ್ರೀಮ್ ಸಿಗದು.

2. ಕಂಪನಿ ಕೊಟ್ಟ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಬೇಕು. ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಆಗಲೇ ಹಾಕಿಬಿಡಬೇಕು.

3. ಸಮಯವನ್ನು ಎನ್‌ಟಿಪಿ ಸರ್ವರ್‌ಗೆ ಜೋಡಿಸಿ, ವಲಯವನ್ನು +5:30ಕ್ಕೆ ಇಡಬೇಕು. ಗಡಿಯಾರ ತಪ್ಪಿದ ದೃಶ್ಯ ಪೊಲೀಸರ ಮುಂದೆ ಗೊಂದಲಕ್ಕೆ ದಾರಿ.

4. ಆರ್‌ಟಿಎಸ್‌ಪಿ ಆಯ್ಕೆಯನ್ನು ಚಾಲೂ ಮಾಡಿ, ಜತೆಗೇ 'ಅಥೆಂಟಿಕೇಷನ್' ಕೂಡ ಚಾಲೂ ಮಾಡಬೇಕು. 'ಬೇಸಿಕ್', 'ಡೈಜೆಸ್ಟ್' ಎರಡೂ ಇದ್ದರೆ ಡೈಜೆಸ್ಟ್ ಆರಿಸಬೇಕು. ಬೇಸಿಕ್‌ನಲ್ಲಿ ಪಾಸ್‌ವರ್ಡ್ ಹೆಚ್ಚುಕಡಿಮೆ ಬಯಲಾಗಿಯೇ ಸಾಗುತ್ತದೆ.

5. ರೆಕಾರ್ಡರ್‌ಗೆ ಪ್ರತ್ಯೇಕ ಬಳಕೆದಾರ ಹೆಸರು ರಚಿಸಿ ಚಿತ್ರ ನೋಡುವ ಅನುಮತಿ ಮಾತ್ರ ಕೊಡಬೇಕು. ಅಡ್ಮಿನ್ ಖಾತೆಯನ್ನು ರೆಕಾರ್ಡರ್‌ಗೂ ವಾಚ್‌ಮನ್ ಕ್ಯಾಬಿನ್‌ಗೂ ಕೊಡಬಾರದು. ಅದರಲ್ಲಿ ಬಾಗಿಲು ತೆರೆಯುವ ಅಧಿಕಾರವೂ ಇರುತ್ತದೆ.

6. ಕೋಡೆಕ್ ಆರಿಸಬೇಕು. ಎಚ್.265 ಕಡಿಮೆ ಜಾಗ ಬಳಸುತ್ತದೆ, ಆದರೆ ಹಲವು ಒಳಾಂಗಣ ಮಾನಿಟರ್‌ಗಳಿಗೆ ಎಚ್.264 ಮಾತ್ರ ಗೊತ್ತು. ಆದ್ದರಿಂದ ಸಬ್ ಸ್ಟ್ರೀಮ್‌ಗೆ ಎಚ್.264 ಕ್ಷೇಮ.

7. ಐ-ಫ್ರೇಮ್ ಅಂತರವನ್ನು ಒಂದೆರಡು ಸೆಕೆಂಡಿಗೆ ಇಡಬೇಕು, ಅಂದರೆ 15 ಫ್ರೇಮ್ ವೇಗಕ್ಕೆ 15ರಿಂದ 30. ಐ-ಫ್ರೇಮ್ ಎಂದರೆ ಪೂರ್ತಿ ಚಿತ್ರ. ಅದು ಬರುವ ತನಕ ಹೊಸದಾಗಿ ತೆರೆದ ಪರದೆ ಕಪ್ಪಾಗಿಯೇ ಇರುತ್ತದೆ.

8. ಎಂಜೆಪೆಗ್ ಸ್ಟ್ರೀಮ್ ಮತ್ತು ಬ್ರೌಸರ್‌ನಲ್ಲಿ ಸಿಗುವ ಸ್ಥಿರಚಿತ್ರದ ಕೊಂಡಿ ಬಳಕೆಯಲ್ಲಿ ಇಲ್ಲವೆಂದರೆ ಆಫ್ ಮಾಡಬೇಕು. ಆರ್‌ಟಿಎಸ್‌ಪಿಗೆ ಬೀಗ ಹಾಕಿ ಈ ಕಿಟಕಿ ತೆರೆದಿಟ್ಟರೆ ಪ್ರಯೋಜನವಿಲ್ಲ.

9. ಕೊನೆಗೆ ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಪ್ಲೇಯರ್ ತೆರೆದು, ಉಪಕರಣದ ಕೈಪಿಡಿಯಲ್ಲಿರುವ ಆರ್‌ಟಿಎಸ್‌ಪಿ ವಿಳಾಸ ಹಾಕಿ ಪರೀಕ್ಷಿಸಬೇಕು. ಪಾಸ್‌ವರ್ಡ್ ಕೇಳದೆ ಚಿತ್ರ ಬಂದರೆ ನಾಲ್ಕನೇ ಹಂತ ಸರಿಯಾಗಿಲ್ಲ ಎಂದರ್ಥ.

ಡೋರ್ ಯೂನಿಟ್‌ನ ಪ್ರೊಸೆಸರ್ ಚಿಕ್ಕದು, ಏಕಕಾಲಕ್ಕೆ ಕೆಲವೇ ಸಂಪರ್ಕ ತಾಳಿಕೊಳ್ಳುತ್ತದೆ. ಹತ್ತು ಪರದೆಗಳು ನೇರವಾಗಿ ಅದರಿಂದಲೇ ವಿಡಿಯೊ ಎಳೆದರೆ ಬಟನ್ ಒತ್ತಿದಾಗ ಕರೆಯೇ ತಡವಾಗಬಹುದು. ರೆಕಾರ್ಡರ್ ಒಂದೇ ಸಂಪರ್ಕ ಪಡೆದು ಉಳಿದವರಿಗೆ ಹಂಚುವುದು ಸರಿಯಾದ ವಿಧಾನ.

ಎಷ್ಟು ಡಿಸ್ಕ್ ಬೇಕು?

2 ಎಂಬಿಪಿಎಸ್ ಸ್ಟ್ರೀಮ್ ದಿನಕ್ಕೆ ಸುಮಾರು 21.6 ಜಿಬಿ ತೆಗೆದುಕೊಳ್ಳುತ್ತದೆ. ಎರಡು ವಿಂಗ್‌ಗಳ ಎರಡೆರಡು ಪ್ರವೇಶ, ಒಟ್ಟು ನಾಲ್ಕು ಯೂನಿಟ್‌ಗಳಿದ್ದರೆ ದಿನಕ್ಕೆ 86.4 ಜಿಬಿ. 15 ದಿನಕ್ಕೆ ಸುಮಾರು 1.3 ಟಿಬಿ, 30 ದಿನಕ್ಕೆ ಸುಮಾರು 2.6 ಟಿಬಿ. ಎಷ್ಟು ದಿನ ಇಡಬೇಕೆಂದು ಮೊದಲು ನಿರ್ಧರಿಸಿ, ಆಮೇಲೆ ಡಿಸ್ಕ್ ಕೊಳ್ಳಬೇಕು. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಆಯ್ಕೆಯಲ್ಲಿ ಜಾಗ ಉಳಿಯುತ್ತದೆ. ಆದರೆ ಘಟನೆಗೆ ಮೊದಲಿನ ಕೆಲವು ಸೆಕೆಂಡು ಸೇರುವಂತೆ 'ಪ್ರಿ-ರೆಕಾರ್ಡ್' ಇಡಬೇಕು.

ಮುಂಬೈ ಮಳೆಗೆ ತಕ್ಕ ಜಾಗ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದದ್ದು ನಗರ ಮರೆತಿಲ್ಲ. ರೆಕಾರ್ಡರ್ ಮತ್ತು ನೆಟ್‌ವರ್ಕ್ ಸ್ವಿಚ್ ಅನ್ನು ನೆಲಮಟ್ಟದ ಮೀಟರ್ ರೂಮ್‌ನಲ್ಲಿ ಇಟ್ಟರೆ ಅಂಥ ದಿನ ಮೊದಲು ಮುಳುಗುವುದು ಅವೇ. ಮೊದಲ ಅಥವಾ ಎರಡನೇ ಮಹಡಿಯ ಬೀಗವಿರುವ ಪೆಟ್ಟಿಗೆ ಸೂಕ್ತ. 2020ರ ಅಕ್ಟೋಬರ್ 12ರಂದು ಗ್ರಿಡ್ ವೈಫಲ್ಯದಿಂದ ಮುಂಬೈ ಗಂಟೆಗಟ್ಟಲೆ ಕತ್ತಲಲ್ಲಿತ್ತು. ಸ್ವಿಚ್‌ಗೆ ಯುಪಿಎಸ್ ಕೊಟ್ಟರೆ, ಪಿಒಇ ಕೇಬಲ್‌ನಿಂದಲೇ ವಿದ್ಯುತ್ ಪಡೆಯುವ ಡೋರ್ ಯೂನಿಟ್ ಕೂಡ ಅದರ ಜತೆ ನಡೆಯುತ್ತದೆ.

ಗೇಟಿನ ಯೂನಿಟ್‌ಗೆ ಕನಿಷ್ಠ ಐಪಿ65 ರಕ್ಷಣೆ ಇರಲಿ. ಈಥರ್ನೆಟ್ ಕೇಬಲ್‌ನ ಮಿತಿ 100 ಮೀಟರ್. ಎತ್ತರದ ಟವರ್‌ನಲ್ಲಿ ನಡುಮಹಡಿಗಳಲ್ಲೂ ಸ್ವಿಚ್ ಬೇಕಾಗುತ್ತದೆ. ಹೊರಗಿನ ಬೆಳಕಿಗೆ ಎದುರಾಗಿ ನಿಂತವರ ಮುಖ ಕಪ್ಪಾಗಿ ಕಂಡರೆ ಡಬ್ಲ್ಯೂಡಿಆರ್ ಆಯ್ಕೆ ಚಾಲೂ ಮಾಡಬೇಕು.

ಇಂಟರ್‌ನೆಟ್‌ಗೆ ಬಾಗಿಲು ತೆರೆಯಬೇಡಿ

ಮಗ ಪುಣೆಯಿಂದ ನೋಡಬೇಕೆಂದು ರೂಟರ್‌ನಲ್ಲಿ 554 ಪೋರ್ಟ್ ಅನ್ನು ಹೊರಜಗತ್ತಿಗೆ ತೆರೆಯುವುದು ಅತಿ ಅಪಾಯದ ಅಡ್ಡದಾರಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳನ್ನು ಹುಡುಕಿ, ಕಂಪನಿಗಳು ಕೊಟ್ಟ 60ಕ್ಕೂ ಹೆಚ್ಚು ಸಿದ್ಧ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸಿ ವಶಪಡಿಸಿಕೊಂಡಿತ್ತು. ಡೋರ್ ಇಂಟರ್‌ಕಾಮ್‌ಗಳೂ ಹೊರತಲ್ಲ. 2023ರ ಮಾರ್ಚ್‌ನಲ್ಲಿ ಕ್ಲಾರೋಟಿ ಸಂಸ್ಥೆಯ ಸಂಶೋಧಕರು ಅಕುವಾಕ್ಸ್ ಇ11 ಎಂಬ ಇಂಟರ್‌ಕಾಮ್‌ನಲ್ಲಿ 13 ಭದ್ರತಾ ದೋಷಗಳನ್ನು ಬಹಿರಂಗಪಡಿಸಿದರು. ಕ್ಯಾಮೆರಾ ಮತ್ತು ಮೈಕ್ ಅನ್ನು ದೂರದಿಂದಲೇ ಚಾಲೂ ಮಾಡುವ ಸಾಧ್ಯತೆಯೂ ಅವುಗಳಲ್ಲಿ ಸೇರಿತ್ತು.

ದೂರದಿಂದ ನೋಡಬೇಕಾದರೆ ವಿಪಿಎನ್ ಬಳಸಬೇಕು, ಇಲ್ಲವೇ ಎರಡು ಹಂತದ ಲಾಗಿನ್ ಇರುವ ಅಧಿಕೃತ ಆ್ಯಪ್ ಬಳಸಬೇಕು.

ಇನ್ನೊಂದು ಅಪಾಯ ಗೋಡೆಯಲ್ಲೇ ಇದೆ. ಡೋರ್ ಯೂನಿಟ್ ಗೇಟಿನ ಹೊರಗಿರುತ್ತದೆ. ಅದರ ಹಿಂದಿನ ಕೇಬಲ್ ಎಂದರೆ ಸೊಸೈಟಿಯ ನೆಟ್‌ವರ್ಕ್ ರಸ್ತೆಬದಿಯಲ್ಲಿ ತೂಗಾಡಿದಂತೆ. ಯೂನಿಟ್ ಬಿಚ್ಚಿ ಲ್ಯಾಪ್‌ಟಾಪ್ ಜೋಡಿಸಿದವರಿಗೆ ಕಚೇರಿಯ ಕಂಪ್ಯೂಟರ್ ಸಿಗದಂತೆ, ಇಂಟರ್‌ಕಾಮ್‌ಗಳನ್ನು ಪ್ರತ್ಯೇಕ ವಿಲ್ಯಾನ್‌ನಲ್ಲಿ ಇಡಬೇಕು. ಯೂನಿಟ್ ಕಿತ್ತರೆ ಎಚ್ಚರಿಸುವ ಟ್ಯಾಂಪರ್ ಅಲಾರಂ ಚಾಲೂ ಇರಬೇಕು.

ಯಾರು ನೋಡಬಹುದು?

ಇದು ತಂತ್ರಜ್ಞರು ನಿರ್ಧರಿಸುವ ವಿಷಯವಲ್ಲ. ಯಾವ ಕ್ಯಾಮೆರಾವನ್ನು ಯಾರು ನೋಡಬಹುದು, ದೃಶ್ಯ ಎಷ್ಟು ದಿನ ಇರಬೇಕು, ಪ್ರತಿ ಯಾರ ಅನುಮತಿಯಿಂದ ಕೊಡಬೇಕು ಎಂಬುದನ್ನು ಸೊಸೈಟಿಯ ಸಭೆಯಲ್ಲಿ ನಿರ್ಣಯಿಸಿ ಬರೆದಿಡುವುದು ಉತ್ತಮ. ಎಲ್ಲ ಫ್ಲ್ಯಾಟ್‌ಗಳಿಗೂ ಎಲ್ಲ ಬಾಗಿಲ ಮಾನಿಟರಿಂಗ್ ಕೊಟ್ಟರೆ ಯಾರ ಮನೆಗೆ ಯಾರು, ಎಷ್ಟು ಹೊತ್ತಿಗೆ ಬಂದರು ಎಂಬುದು ಎಲ್ಲರ ಮಾತಾಗುತ್ತದೆ. ಆಯಾ ವಿಂಗ್‌ನವರಿಗೆ ಆಯಾ ಬಾಗಿಲು ಸಾಕು. ಎದುರು ಫ್ಲ್ಯಾಟ್‌ನ ಒಳಭಾಗ ಕಾಣುವಂತಿದ್ದರೆ 'ಪ್ರೈವೆಸಿ ಮಾಸ್ಕ್' ಹಾಕಬೇಕು. ಮಾನಿಟರಿಂಗ್ ಸ್ಟ್ರೀಮ್‌ನಲ್ಲಿ ಧ್ವನಿ ಅಗತ್ಯವಿಲ್ಲದಿದ್ದರೆ ಆಫ್ ಮಾಡಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು 18 ತಿಂಗಳ ಬಳಿಕ ಜಾರಿಗೆ ಬರುವಂತಿವೆ. ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಕಾಯ್ದೆ ಅನ್ವಯಿಸದು. ಆದರೆ ಆ ವಿನಾಯಿತಿ ಇರುವುದು ವ್ಯಕ್ತಿಗೆ ಎಂಬುದನ್ನು ಸೊಸೈಟಿಗಳು ಗಮನಿಸಬೇಕು. ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಭದ್ರತಾ ಪರೀಕ್ಷೆಯ ನಿಯಮಗಳು 2025ರ ಏಪ್ರಿಲ್ 9ರಿಂದ ಜಾರಿಯಲ್ಲಿವೆ. ಇಂಟರ್‌ಕಾಮ್ ಕೊಳ್ಳುವಾಗಲೂ ಅಂಥ ಪರೀಕ್ಷೆಯ ದಾಖಲೆ ಕೇಳುವುದು ಜಾಣತನ.

ಸಾಮಾನ್ಯ ತೊಂದರೆ, ಪರಿಹಾರ

- ಚಿತ್ರ ಒಡೆದು ಬಣ್ಣ ಹರಡಿದರೆ: ರೆಕಾರ್ಡರ್‌ನಲ್ಲಿ ಆರ್‌ಟಿಎಸ್‌ಪಿಯನ್ನು ಯುಡಿಪಿಯಿಂದ ಟಿಸಿಪಿಗೆ ಬದಲಿಸಿ ನೋಡಬೇಕು.
- ರೆಕಾರ್ಡರ್‌ಗೆ ಯೂನಿಟ್ ಸಿಗದಿದ್ದರೆ: ಓನ್‌ವಿಫ್ ಚಾಲೂ ಇದೆಯೇ, ಎರಡರ ಗಡಿಯಾರವೂ ಒಂದೇ ಆಗಿದೆಯೇ ಪರಿಶೀಲಿಸಬೇಕು. ಸಮಯ ಹೊಂದದಿದ್ದರೆ ಲಾಗಿನ್ ವಿಫಲವಾಗಬಹುದು.
- ಕರೆ ಬರುತ್ತದೆ, ಚಿತ್ರ ಬರುವುದಿಲ್ಲ ಎಂದಾದರೆ: ಒಳಾಂಗಣ ಮಾನಿಟರ್‌ಗೆ ಆ ಕೋಡೆಕ್ ಗೊತ್ತಿದೆಯೇ ನೋಡಬೇಕು.
- ರಾತ್ರಿ ಮಾತ್ರ ಚಿತ್ರ ಮಸುಕಾದರೆ: ಲೆನ್ಸ್ ಮೇಲಿನ ಧೂಳು, ಉಪ್ಪಿನ ಪದರ ಒರೆಸಿ, ಲಾಬಿಯ ದೀಪ ಪರೀಕ್ಷಿಸಬೇಕು.

ಹಸ್ತಾಂತರದ ದಿನ ಮರೆಯದಿರಿ

ಬಿಲ್ಡರ್ ಸೊಸೈಟಿಗೆ ಕಟ್ಟಡ ಒಪ್ಪಿಸುವಾಗ ಕೀಲಿಕೈಗಳ ಜತೆ ಇಂಟರ್‌ಕಾಮ್‌ನ ಅಡ್ಮಿನ್ ಪಾಸ್‌ವರ್ಡ್, ಪ್ರತಿ ಯೂನಿಟ್‌ನ ಐಪಿ ವಿಳಾಸ ಮತ್ತು ಬಳಕೆದಾರರ ಪಟ್ಟಿಯನ್ನೂ ಬರಹದಲ್ಲಿ ಪಡೆಯಬೇಕು. ನಿರ್ವಹಣೆಯ ಗುತ್ತಿಗೆದಾರ ಬದಲಾದಾಗ, ವಾಚ್‌ಮನ್ ಏಜೆನ್ಸಿ ಬದಲಾದಾಗ, ಸಮಿತಿ ಬದಲಾದಾಗ ಪಾಸ್‌ವರ್ಡ್ ಕೂಡ ಬದಲಾಗಬೇಕು. ಕೆಲಸ ಬಿಟ್ಟು ಹೋದವರ ಮೊಬೈಲ್‌ನಲ್ಲಿ ಸೊಸೈಟಿಯ ಬಾಗಿಲು ಇನ್ನೂ ಕಾಣುತ್ತಿದ್ದರೆ, ಗೇಟಿಗೆ ಹಾಕಿದ ಬೀಗಕ್ಕೆ ಅರ್ಥವಿರುವುದಿಲ್ಲ.